ಗುರಿ ಕಲಿಯಲು ಎಷ್ಟು ಗಂಟೆ ಬೇಕು?

ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ. ಕಂಪ್ಯೂಟರಿನಲ್ಲಿ ಗುಂಡು ಹಾರಿಸುವ ಆಟಗಳಿಗೆ ಮನಸೋತ ಹುಡುಗರ ಮನೆಗಳಲ್ಲಿ ಈ ಗಾದೆ ದಿನಕ್ಕೊಮ್ಮೆಯಾದರೂ ನಿಜವಾಗುತ್ತದೆ. ಗುರಿ ತಪ್ಪಿದರೆ ತಪ್ಪು ಮೌಸಿನದು, ಇಲ್ಲವೇ ಇಂಟರ್‌ನೆಟ್ಟಿನದು. ಹೊಸ ಮೌಸ್ ಬೇಕು, ಹೊಸ ಮಾನಿಟರ್ ಬೇಕು ಎಂಬ ಬೇಡಿಕೆ ಅಪ್ಪನ ಮುಂದೆ ಬರುತ್ತದೆ. ಅದು ನಡೆಯದಿದ್ದರೆ 'ಇನ್ನೊಂದೇ ಮ್ಯಾಚ್ ಅಮ್ಮಾ' ಎಂದು ರಾತ್ರಿ ಎರಡರವರೆಗೆ ಅಭ್ಯಾಸ. ಬೆಳಿಗ್ಗೆ ಕಾಲೇಜಿನಲ್ಲಿ ತೂಕಡಿಕೆ. ಇಷ್ಟೆಲ್ಲ ಆದ ಮೇಲೂ ಗುರಿ ಮಾತ್ರ ಇದ್ದಲ್ಲೇ ಇರುತ್ತದೆ. ಹಾಗಾದರೆ ಅದು ಸುಧಾರಿಸುವುದು ಹೇಗೆ?

ಉದಾಹರಣೆಗೆ 'ಕೌಂಟರ್-ಸ್ಟ್ರೈಕ್' ಆಟವನ್ನೇ ತೆಗೆದುಕೊಳ್ಳಬಹುದು. ಮಿನ್ ಲೀ ಮತ್ತು ಜೆಸ್ ಕ್ಲಿಫ್ ಎಂಬ ಇಬ್ಬರು ಯುವಕರು 1999ರಲ್ಲಿ 'ಹಾಫ್-ಲೈಫ್' ಎಂಬ ಇನ್ನೊಂದು ಆಟವನ್ನು ಮಾರ್ಪಡಿಸಿ ಇದನ್ನು ರೂಪಿಸಿದರು. 2000ದಲ್ಲಿ ವಾಲ್ವ್ ಕಂಪನಿ ಇದನ್ನು ಮಾರುಕಟ್ಟೆಗೆ ತಂದಿತು. 2023ರಲ್ಲಿ 'ಕೌಂಟರ್-ಸ್ಟ್ರೈಕ್ 2' ಬಂದಿತು. ಐವರ ಒಂದು ತಂಡ, ಎದುರಿಗೆ ಐವರ ಇನ್ನೊಂದು ತಂಡ. ತೆರೆಯ ನಡುವೆ ಕೂಡಿಸುವ ಚಿಹ್ನೆಯಂಥ ಒಂದು ಗುರುತು ಇರುತ್ತದೆ. ಅದೇ ಕ್ರಾಸ್‌ಹೇರ್. ಅದನ್ನು ಎದುರಾಳಿಯ ಮೇಲೆ ತಂದು ಮೌಸ್ ಒತ್ತಬೇಕು.

ಮೊದಲೇ ಕಾದಿರುವ ಗುರಿ

ಗುರಿ ಎಂದರೆ ಕೈಯ ವೇಗ ಎಂದು ಹೊಸಬರು ತಿಳಿಯುತ್ತಾರೆ. ಎದುರಾಳಿ ಕಂಡ ಮೇಲೆ ಮೌಸನ್ನು ಸರ್ರನೆ ಎಳೆಯುತ್ತಾರೆ. ಆದರೆ ಕಣ್ಣು ಕಂಡದ್ದಕ್ಕೆ ಕೈ ಸ್ಪಂದಿಸಲು ಆರೋಗ್ಯವಂತ ಯುವಕರಿಗೂ ಸುಮಾರು 200ರಿಂದ 250 ಮಿಲಿಸೆಕೆಂಡು, ಎಂದರೆ ಸೆಕೆಂಡಿನ ಕಾಲು ಭಾಗದಷ್ಟು ಹೊತ್ತು ಬೇಕು. ಎಷ್ಟು ಆಡಿದರೂ ಇದು ಹೆಚ್ಚು ಇಳಿಯದು. ಇಳಿಸಬಹುದಾದದ್ದು ಕ್ರಾಸ್‌ಹೇರ್ ಸಾಗಬೇಕಾದ ದೂರವನ್ನು. ಗುರಿ ದೂರವಾದಷ್ಟೂ, ಚಿಕ್ಕದಾದಷ್ಟೂ ಅದನ್ನು ಮುಟ್ಟಲು ಹೆಚ್ಚು ಹೊತ್ತು ಹಿಡಿಯುತ್ತದೆ ಎಂಬುದನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ಫಿಟ್ಸ್ 1954ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು.

ಆದ್ದರಿಂದಲೇ ಅನುಭವಿ ಆಟಗಾರ ಆಟದಲ್ಲಿ ನೆಲ ನೋಡಿಕೊಂಡು ಓಡುವುದಿಲ್ಲ. ಎದುರಾಳಿ ಯಾವ ಮೂಲೆಯಿಂದ ಬರಬಹುದೋ ಅಲ್ಲಿ, ತಲೆಯ ಎತ್ತರಕ್ಕೆ, ಕ್ರಾಸ್‌ಹೇರನ್ನು ಮೊದಲೇ ಹಿಡಿದಿರುತ್ತಾನೆ. ಬಂದವನು ತಾನಾಗಿಯೇ ಗುರಿಗೆ ಸಿಕ್ಕುತ್ತಾನೆ. ಇಲ್ಲಿ ಕೆಲಸ ಮಾಡುವುದು ಕೈಗಿಂತ ಹೆಚ್ಚಾಗಿ ತಲೆ.

ಎರಡನೆಯ ಪಾಠ, ನಿಂತು ಹೊಡೆಯುವುದು. ಈ ಆಟದಲ್ಲಿ ಓಡುತ್ತ ಹಾರಿಸಿದ ಗುಂಡು ಎತ್ತೆತ್ತಲೋ ಹೋಗುತ್ತದೆ. ಬಲಕ್ಕೆ ಹೋಗುತ್ತಿದ್ದವನು ಕ್ಷಣಮಾತ್ರ ಎಡದ ಕೀಲಿ ಒತ್ತಿದರೆ ತಟ್ಟನೆ ನಿಲ್ಲುತ್ತಾನೆ, ಆಗ ಹಾರಿಸಬೇಕು. ಮೂರನೆಯದು, ಬಂದೂಕಿನ ಒದೆತ. ಎಕೆ-47 ಬಂದೂಕನ್ನು ಬಿಡದೆ ಒತ್ತಿದರೆ ಗುಂಡುಗಳು ಮೊದಲು ಮೇಲಕ್ಕೆ, ಆಮೇಲೆ ಅಕ್ಕಪಕ್ಕಕ್ಕೆ ಸರಿಯುತ್ತವೆ. ಪ್ರತಿ ಸಲವೂ ಹೆಚ್ಚುಕಡಿಮೆ ಇದೇ ದಾರಿ. ಹಾಗಾಗಿ ಅದಕ್ಕೆ ತಕ್ಕಂತೆ ಮೌಸನ್ನು ಕೆಳಕ್ಕೆ ಎಳೆಯುವುದನ್ನು ಕಲಿಯಬಹುದು. ದೂರದವರಿಗೆ ಒಂದೊಂದೇ ಗುಂಡು ಹಾರಿಸುವುದು ಜಾಣತನ.

ಮೌಸಿನ ಲೆಕ್ಕ

ದುಬಾರಿ ಮೌಸಿಗಿಂತ ಸರಿಯಾಗಿ ಹೊಂದಿಸಿದ ಮೌಸ್ ಮುಖ್ಯ. ಮೌಸಿನ ಡಿಪಿಐಯನ್ನು ಆಟದೊಳಗಿನ ಸೆನ್ಸಿಟಿವಿಟಿಯಿಂದ ಗುಣಿಸಿದರೆ ಅದರ ನಿಜವಾದ ಚುರುಕು ತಿಳಿಯುತ್ತದೆ. 400 ಡಿಪಿಐಗೆ 2 ಇಟ್ಟರೂ, 800 ಡಿಪಿಐಗೆ 1 ಇಟ್ಟರೂ ಗುಣಲಬ್ಧ 800. ಕೌಂಟರ್-ಸ್ಟ್ರೈಕಿನಲ್ಲಿ ಇಷ್ಟಿದ್ದರೆ ಒಂದು ಪೂರ್ತಿ ಸುತ್ತು ತಿರುಗಲು ಮೌಸನ್ನು ಸುಮಾರು 52 ಸೆಂಟಿಮೀಟರ್ ಸರಿಸಬೇಕು. ಹೊಸಬರು 3200ರಷ್ಟು ಇಟ್ಟುಕೊಂಡರೆ 13 ಸೆಂಟಿಮೀಟರಿಗೇ ಸುತ್ತು ಮುಗಿಯುತ್ತದೆ. ಬೆರಳು ಕೂದಲೆಳೆಯಷ್ಟು ನಡುಗಿದರೂ ಗುರಿ ತಪ್ಪುತ್ತದೆ. 800ರ ಆಸುಪಾಸಿನಲ್ಲಿ ಒಂದು ಸಂಖ್ಯೆಯನ್ನು ಆರಿಸಿ, ಕೆಲವು ವಾರ ಅದನ್ನು ಮುಟ್ಟದಿರುವುದು ಒಳ್ಳೆಯದು. ದಿನಕ್ಕೊಂದು ಅಳತೆ ಬದಲಿಸುವವನ ಕೈಗೆ ಯಾವ ಅಳತೆಯೂ ರೂಢಿಯಾಗದು.

ಇನ್ನು ಮಾನಿಟರ್. 60 ಹರ್ಟ್ಸ್ ತೆರೆಯಲ್ಲಿ ಪ್ರತಿ 17 ಮಿಲಿಸೆಕೆಂಡಿಗೆ ಹೊಸ ಚಿತ್ರ ಬರುತ್ತದೆ, 144 ಹರ್ಟ್ಸ್ ತೆರೆಯಲ್ಲಿ 7 ಮಿಲಿಸೆಕೆಂಡಿಗೆ. ಹತ್ತು ಮಿಲಿಸೆಕೆಂಡಿನ ಈ ಲಾಭ ಪರಿಣತರ ಪಂದ್ಯದಲ್ಲಿ ಲೆಕ್ಕಕ್ಕೆ ಬಂದೀತು. ಆಟದಲ್ಲಿ ನೆಲ ನೋಡಿಕೊಂಡು ಓಡುವವನಿಗೆ ಅದರಿಂದ ಆಗುವುದು ಅಷ್ಟಕ್ಕಷ್ಟೆ.

ಟೈಪಿಂಗ್ ಕ್ಲಾಸಿನ ಪಾಠ

ಮನೆಯ ಜಗಳವೆಲ್ಲ ಇರುವುದು 'ಎಷ್ಟು ಹೊತ್ತು' ಎಂಬಲ್ಲಿ. ಇದಕ್ಕೆ ಉತ್ತರ ನಮ್ಮ ಊರುಗಳ ಹಳೆಯ ಟೈಪಿಂಗ್ ಇನ್‌ಸ್ಟಿಟ್ಯೂಟುಗಳಲ್ಲೇ ಇತ್ತು. ಅಲ್ಲಿ ಒಂದು ಗಂಟೆಯ ಬ್ಯಾಚ್ ಮುಗಿದರೆ ಮತ್ತೆ ಮರುದಿನವೇ. ಬ್ರಿಟನ್ನಿನಲ್ಲಿ ಅಂಚೆ ನೌಕರರಿಗೆ ಕೀಲಿಮಣೆ ಕಲಿಸಿದ ಪ್ರಯೋಗವೊಂದನ್ನು ಬ್ಯಾಡ್ಲಿ ಮತ್ತು ಲಾಂಗ್‌ಮನ್ ಎಂಬ ವಿದ್ವಾಂಸರು 1978ರಲ್ಲಿ ಪ್ರಕಟಿಸಿದರು. ದಿನಕ್ಕೆ ಒಂದೇ ಗಂಟೆ ಕಲಿತವರು, ದಿನಕ್ಕೆ ನಾಲ್ಕು ಗಂಟೆ ಕಲಿತವರಿಗಿಂತ ಒಟ್ಟಾರೆ ಕಡಿಮೆ ಗಂಟೆಗಳಲ್ಲಿ ಪಳಗಿದ್ದರು. ಸ್ವಾರಸ್ಯವೆಂದರೆ, ತಮ್ಮ ತರಬೇತಿಯ ಬಗ್ಗೆ ಹೆಚ್ಚು ಅತೃಪ್ತಿ ಇದ್ದದ್ದೂ ಅವರಿಗೇ! ದಿನಗಳು ಹೆಚ್ಚು ಹಿಡಿದದ್ದರಿಂದ ತಾವು ಹಿಂದುಳಿದೆವು ಎಂದು ಅವರಿಗೆ ಅನ್ನಿಸಿತ್ತು.

ನಿದ್ದೆಯೂ ಅಭ್ಯಾಸದ ಭಾಗವೇ. ಅಮೆರಿಕದಲ್ಲಿ ಮ್ಯಾಥ್ಯೂ ವಾಕರ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೆರಳಿನಿಂದ ಕೀಲಿಗಳನ್ನು ಒಂದು ಕ್ರಮದಲ್ಲಿ ಒತ್ತಲು ಕಲಿತವರು ರಾತ್ರಿ ನಿದ್ದೆ ಮಾಡಿ ಎದ್ದಾಗ, ಮತ್ತೆ ಅಭ್ಯಾಸ ಮಾಡದೆಯೇ ಅವರ ವೇಗ ಸುಮಾರು ಶೇ 20ರಷ್ಟು ಹೆಚ್ಚಿತ್ತು. ರಾತ್ರಿ ಎರಡರವರೆಗೆ ಆಡುವ ಹುಡುಗ ಈ ಪುಕ್ಕಟೆ ಲಾಭವನ್ನು ಕೈಯಾರೆ ಕಳೆದುಕೊಳ್ಳುತ್ತಾನೆ.

ಒಂದು ಗಂಟೆಯನ್ನು ಹೀಗೆ ಬಳಸಬಹುದು. ಮೊದಲ ಹದಿನೈದು ನಿಮಿಷ ಕಂಪ್ಯೂಟರ್ ನಡೆಸುವ ಬೊಂಬೆ ಎದುರಾಳಿಗಳ ಮೇಲೆ ಅಭ್ಯಾಸ. ಮೊದಲು ನಿಧಾನವಾಗಿ, ತಪ್ಪದಂತೆ, ವೇಗ ಆಮೇಲೆ. ಒಂದು ದಿನಕ್ಕೆ ಒಂದೇ ಪಾಠ. ಅನಂತರ ಒಂದು ಮ್ಯಾಚ್. ಪ್ರತಿ ಸಲ ಸತ್ತಾಗಲೂ ಎರಡು ಪ್ರಶ್ನೆ: ಕ್ರಾಸ್‌ಹೇರ್ ಎಲ್ಲಿತ್ತು? ನಿಂತು ಹೊಡೆದೆನೋ, ಓಡುತ್ತ ಹೊಡೆದೆನೋ? ಮಣಿಕಟ್ಟು ನೋಯತೊಡಗಿದರೆ ಅಂದಿಗೆ ಅಲ್ಲಿಗೇ ನಿಲ್ಲಿಸಬೇಕು.

ಅಡ್ಡದಾರಿಯ ಬೆಲೆ

ಗುರಿಯನ್ನು ತಾನೇ ಹಿಡಿದುಕೊಡುವ ಕಳ್ಳ ತಂತ್ರಾಂಶಗಳೂ ಉಂಟು. 2018ರ ಅಕ್ಟೋಬರಿನಲ್ಲಿ ಶಾಂಘೈನಲ್ಲಿ ನಡೆದ ಕೌಂಟರ್-ಸ್ಟ್ರೈಕ್ ಪಂದ್ಯಾವಳಿಯಲ್ಲಿ ಭಾರತದ ತಂಡವೊಂದರ ಆಟಗಾರ ಇಂಥದ್ದನ್ನು ಬಳಸಿ ಸಿಕ್ಕಿಬಿದ್ದ. ತಂಡವನ್ನು ಪಂದ್ಯಾವಳಿಯಿಂದ ಹೊರಗೆ ಹಾಕಲಾಯಿತು. ಬಳಿಕ ತಂಡವೇ ವಿಸರ್ಜನೆಯಾಯಿತು. ಆತನಿಗೆ 5 ವರ್ಷ ನಿಷೇಧ. ಜೊತೆಗಿದ್ದ ನಾಲ್ವರು ಅವನೊಬ್ಬನ ತಪ್ಪಿಗೆ ಅವಕಾಶ ಕಳೆದುಕೊಂಡರು.

ಹೆತ್ತವರು ಗಮನಿಸಬೇಕಾದ್ದು

ಮೊದಲನೆಯದಾಗಿ, ವಯಸ್ಸು. ಕೌಂಟರ್-ಸ್ಟ್ರೈಕಿನ 2012ರ ಆವೃತ್ತಿಗೆ ಅಮೆರಿಕದ ಆಟಗಳ ವರ್ಗೀಕರಣ ಮಂಡಳಿ ಕೊಟ್ಟ ದರ್ಜೆ 17 ವರ್ಷ ಮೇಲ್ಪಟ್ಟವರದು. ಹೈಸ್ಕೂಲು ಮಗುವಿಗೆ ಇದು ತಕ್ಕ ಆಟವಲ್ಲ.

ಎರಡನೆಯದು, ಗಂಟೆಗಿಂತ ಲಕ್ಷಣ ಮುಖ್ಯ. ಆಟವನ್ನು ನಿಲ್ಲಿಸಲಾಗದಿರುವುದು, ಊಟ, ಓದು, ಗೆಳೆತನಕ್ಕಿಂತ ಅದೇ ಹೆಚ್ಚಾಗುವುದು, ಹಾನಿ ಕಂಡರೂ ಬಿಡದಿರುವುದು, ಇವು ಸಾಮಾನ್ಯವಾಗಿ ವರ್ಷದುದ್ದಕ್ಕೂ ಕಂಡುಬಂದರೆ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಕಾಯಿಲೆ ಎಂದೇ ಗಣಿಸುತ್ತದೆ. 2022ರಿಂದ ಜಾರಿಯಲ್ಲಿರುವ ಅದರ ರೋಗಗಳ ಪಟ್ಟಿಯಲ್ಲಿ ಇದು ಸೇರಿದೆ. ಇಂಥವರಿಗಾಗಿಯೇ ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿ 'ಷಟ್' ಎಂಬ ಚಿಕಿತ್ಸಾಲಯವನ್ನು ತೆರೆಯಿತು.

ಮೂರನೆಯದು, ಮ್ಯಾಚಿನ ನಡುವೆ ಪ್ಲಗ್ ಕೀಳುವುದು ಬೇಡ. ಮೊದಲು 13 ಸುತ್ತು ಗೆದ್ದ ತಂಡಕ್ಕೆ ಜಯ ಎಂಬ ನಿಯಮದ ಒಂದು ಮ್ಯಾಚಿಗೆ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಬೇಕಾಗುತ್ತದೆ. ನಡುವೆ ಎದ್ದರೆ ಜೊತೆಯ ನಾಲ್ವರಿಗೆ ತೊಂದರೆ. 'ಇವತ್ತು ಒಂದೇ ಮ್ಯಾಚ್, ಒಂಬತ್ತಕ್ಕೆ ಮುಗಿಸು' ಎಂದು ಶುರುವಿಗೆ ಮೊದಲೇ ಒಪ್ಪಂದವಾಗಲಿ. ಒಪ್ಪಿದ ಮೇಲೆ ಇಬ್ಬರೂ ಮಾತಿಗೆ ನಿಲ್ಲಲಿ. ಹೆಚ್ಚು ಹೊತ್ತು ಆಡಿದರೆ ಗುರಿ ಕೆಡುತ್ತದೆ ಎಂಬುದು ಮಗನಿಗೂ, ಸರಿಯಾಗಿ ಆಡಿದರೆ ಒಂದು ಗಂಟೆ ಸಾಕು ಎಂಬುದು ಅಪ್ಪ ಅಮ್ಮನಿಗೂ ತಿಳಿದರೆ, ಉಳಿದ ಗಂಟೆಗಳು ಓದಿಗೂ ನಿದ್ದೆಗೂ ಸಿಗುತ್ತವೆ.