ಗ್ಯಾಸ್ ಸೆಟ್ಟು ಮಾರುವ ಮುನ್ನ

ಸಂಘದ ರಿಪೇರಿ ಶೆಡ್ಡಿನಲ್ಲಿರುವ ಹಳೆಯ ಗ್ಯಾಸ್ ಕಟಿಂಗ್ ಸೆಟ್ಟನ್ನು ಮಾರಿ, ಆ ಹಣಕ್ಕೆ ಇನ್ನಷ್ಟು ಸೇರಿಸಿ ಪ್ಲಾಸ್ಮಾ ಕಟಿಂಗ್ ಯಂತ್ರ ಕೊಳ್ಳಬೇಕೆಂಬ ಸಲಹೆ ಕಳೆದ ಸಭೆಯಲ್ಲಿ ಬಂದಿತಷ್ಟೆ. ಸಲಹೆ ಕೊಟ್ಟವರು ತಿಳಿದವರೇ. ಆದರೂ ಕೈ ಎತ್ತುವ ಮುನ್ನ ಸದಸ್ಯ ಬಾಂಧವರು ಒಂದೆರಡು ಸಂಗತಿ ಯೋಚಿಸಬೇಕೆಂದು ನನ್ನ ವಿನಂತಿ.

ಗ್ಯಾಸಿನಿಂದ ಕತ್ತರಿಸುವುದೆಂದರೆ ಕಬ್ಬಿಣ ಕರಗಿಸುವುದೆಂದು ಹಲವರ ಎಣಿಕೆ. ನಿಜವಾಗಿ ಅದು ಸುಡುವುದು. ಅಸಿಟಿಲೀನ್ ಜ್ವಾಲೆಯಿಂದ ಉಕ್ಕನ್ನು ಸುಮಾರು 900 ಡಿಗ್ರಿಗೆ ಕಾಯಿಸಿ, ಅದರ ಮೇಲೆ ಶುದ್ಧ ಆಮ್ಲಜನಕವನ್ನು ರಭಸದಿಂದ ಬಿಟ್ಟರೆ ಕಬ್ಬಿಣವೇ ಉರಿದು ಕಿಟ್ಟವಾಗಿ ಹಾರಿಹೋಗುತ್ತದೆ. ಉಕ್ಕಿಗಿಂತ ಅದರ ಕಿಟ್ಟ ಬೇಗ ಕರಗುವುದರಿಂದ ಇದು ಸಾಧ್ಯ. ಸ್ಟೇನ್‌ಲೆಸ್ ಸ್ಟೀಲು ಮತ್ತು ಅಲ್ಯೂಮಿನಿಯಂನಲ್ಲಿ ಸಂಗತಿ ತಿರುಗುಮುರುಗು. ಮೇಲಿನ ಪೊರೆ ಕರಗದೆ ಉಳಿಯುವುದರಿಂದ ಗ್ಯಾಸ್ ಸೋಲುತ್ತದೆ. ಪ್ಲಾಸ್ಮಾ ಹಾಗಲ್ಲ. ಒತ್ತಡದ ಗಾಳಿಯನ್ನು ಸಣ್ಣ ರಂಧ್ರದಲ್ಲಿ ವಿದ್ಯುತ್ ಆರ್ಕಿನ ನಡುವೆ ಹಾಯಿಸಿ, ವಿದ್ಯುತ್ ಹರಿಯುವ ಯಾವ ಲೋಹವನ್ನಾದರೂ ಕರಗಿಸಿ ಊದಿಬಿಡುತ್ತದೆ. 1950ರ ದಶಕದಲ್ಲಿ ಅಮೆರಿಕದಲ್ಲಿ ಈ ವಿದ್ಯೆ ಬಂದುದೇ ಗ್ಯಾಸಿಗೆ ಬಗ್ಗದ ಲೋಹಗಳಿಗಾಗಿ.

ಪಲ್ಪರಿನ ಸ್ಟೇನ್‌ಲೆಸ್ ತೊಟ್ಟಿ, ತೆಳು ತಗಡು, ಅಲ್ಯೂಮಿನಿಯಂ ಏಣಿ ಇವಕ್ಕೆ ಪ್ಲಾಸ್ಮಾಕ್ಕೆ ಸಮನಿಲ್ಲ. ತಗಡು ಸೊಟ್ಟಗಾಗುವುದೂ ಕಡಿಮೆ. ಇದನ್ನು ಮನಸಾರೆ ಒಪ್ಪುತ್ತೇನೆ.

ಆದರೆ ನಮ್ಮ ಶೆಡ್ಡಿಗೆ ಬರುವ ಕೆಲಸ ಯಾವುದು? ಟ್ರೇಲರಿನ ಚಾಸಿಸ್, ಕಾಲುಸಂಕದ ದಪ್ಪ ತೊಲೆ, ತುಕ್ಕು ಹಿಡಿದು ಕಚ್ಚಿಕೊಂಡ ನಟ್ಟು. ಸಭೆಯಲ್ಲಿ ಹೇಳಿದ 40 ಆಂಪಿಯರ್ ಯಂತ್ರ ಹತ್ತು ಹನ್ನೆರಡು ಮಿಲಿಮೀಟರಿನ ಆಚೆ ಏದುಸಿರು ಬಿಡುತ್ತದೆ. ಸರಿಯಾದ ನಾಜಲ್ ಹಾಕಿದರೆ ಗ್ಯಾಸು 50 ಮಿಲಿಮೀಟರನ್ನೂ ಕತ್ತರಿಸೀತು. ಅದೇ ಸಿಲಿಂಡರುಗಳಿಂದಲೇ ಕಂಬಿ ಕಾಯಿಸಿ ಬಗ್ಗಿಸಬಹುದು, ನಟ್ಟು ಸಡಿಲಿಸಬಹುದು, ಅಡಿಕೆ ಬೇಯಿಸುವ ತಾಮ್ರದ ಹಂಡೆಗೆ ಬೆಸುಗೆ ಹಾಕಬಹುದು. ಪ್ಲಾಸ್ಮಾ ಕತ್ತರಿಸುತ್ತದೆ, ಅಷ್ಟೇ.

ಇನ್ನು ನಮ್ಮ ಕರೆಂಟು. ಪ್ಲಾಸ್ಮಾ ಯಂತ್ರ, ಅದಕ್ಕೊಂದು ಕಂಪ್ರೆಸರ್, ಎರಡೂ ಒಟ್ಟಿಗೆ ನಡೆಯಬೇಕು. ಸಂಜೆ ವೋಲ್ಟೇಜು ಎಲ್ಲಿಗಿಳಿಯುತ್ತದೆಂದು ನಿಮಗೆ ಹೇಳಬೇಕಿಲ್ಲ. ಅದಕ್ಕಿಂತ ದೊಡ್ಡ ಶತ್ರು ನಮ್ಮ ಮಳೆಗಾಲ. ಮಲೆನಾಡಿನ ಆಷಾಢದ ಗಾಳಿಯನ್ನು ಕಂಪ್ರೆಸರು ಹಿಂಡಿದರೆ ನೀರೇ ಬರುತ್ತದೆ. ಆ ನೀರು ಟಾರ್ಚಿಗೆ ಹೋದರೆ ನಾಜಲ್ಲೂ ಇಲೆಕ್ಟ್ರೋಡೂ ನೋಡನೋಡುತ್ತ ಸವೆಯುತ್ತವೆ. ನೆರೆಯ ತೋಟದವರೊಬ್ಬರು ಜೂನಿನಲ್ಲಿ ಯಂತ್ರ ತಂದರು. ಗೌರಿಹಬ್ಬದ ಹೊತ್ತಿಗೆ ಅದು ಗೋಣಿಚೀಲದ ಕೆಳಗಿತ್ತು. ಯಂತ್ರದ ದೋಷವಲ್ಲ, ಗಾಳಿ ಒಣಗಿಸುವ ಫಿಲ್ಟರು ಹಾಕಬೇಕೆಂದು ಯಾರೂ ಅವರಿಗೆ ಹೇಳಿರಲಿಲ್ಲ.

ಗ್ಯಾಸು ಅಪಾಯ, ಪ್ಲಾಸ್ಮಾ ನಿರಪಾಯ ಎಂಬ ಮಾತೂ ಬಂತು. ಹಲವು ವರ್ಷಗಳ ಹಿಂದೆ ನಮ್ಮಲ್ಲಿ ಸುಣ್ಣ ಕದಡಲೆಂದು ಡೀಸೆಲ್ ಬ್ಯಾರೆಲ್ಲೊಂದನ್ನು ಕತ್ತರಿಸಿದೆವು. ತೊಳೆದಿದೆ ಎಂದುಕೊಂಡಿದ್ದೆವು. ಕಿಡಿ ತಾಗಿದ್ದೇ ಮುಚ್ಚಳ ಹೆಂಚು ಒಡೆದು ಹಾರಿತು. ಪಕ್ಕದಲ್ಲಿದ್ದ ಹುಡುಗನಿಗೆ ಎಡಗಿವಿ ಈಗಲೂ ಕೇಳಿಸದು. ಪ್ಲಾಸ್ಮಾ ಹಿಡಿದಿದ್ದರೂ ಅದೇ ಆಗುತ್ತಿತ್ತು. ಜಿಐ ಪೈಪಿನ ಸತುವಿನ ಹೊಗೆ ಕುಡಿದವನಿಗೆ ರಾತ್ರಿ ಚಳಿಜ್ವರ ಬರುವುದೂ ಎರಡರಲ್ಲೂ ಒಂದೇ. ಆಮ್ಲಜನಕದ ವಾಲ್ವಿಗೆ ಎಣ್ಣೆ, ಗ್ರೀಸು ಸೋಕಿಸಬಾರದು, ಅಸಿಟಿಲೀನ್ ಸಿಲಿಂಡರು ಮಲಗಿಸಬಾರದು ಎಂಬ ಎಚ್ಚರ ಮಾತ್ರ ಗ್ಯಾಸಿನದೇ. ಜೀಪಿನಲ್ಲಿ ಮಲಗಿಸಿ ತರುವುದನ್ನು ನಾನೇ ಕಂಡಿದ್ದೇನೆ, ಸುಮ್ಮನೆ ಇದ್ದದ್ದು ನನ್ನದೂ ತಪ್ಪು.

ನನ್ನ ಅಭಿಪ್ರಾಯ ಇಷ್ಟು. ಎರಡನ್ನೂ ಇಟ್ಟುಕೊಳ್ಳುವ ಶಕ್ತಿ ಸಂಘಕ್ಕಿದ್ದರೆ ಪ್ಲಾಸ್ಮಾ ಬರಲಿ, ಒಳ್ಳೆಯ ಫಿಲ್ಟರಿನ ಸಮೇತ, ಮಳೆ ಕಳೆದ ಮೇಲೆ. ಒಂದಕ್ಕೇ ಹಣವಿದ್ದರೆ ಗ್ಯಾಸ್ ಸೆಟ್ಟೇ ಇರಲಿ. ಅದರ ಕೆಂಪು ಹೋಸು ಬಿರುಕು ಬಿಟ್ಟು ಎರಡು ವರ್ಷವಾಯಿತು, ಜ್ವಾಲೆ ಹಿಂದಕ್ಕೆ ನುಗ್ಗದಂತೆ ತಡೆಯುವ ಅರೆಸ್ಟರ್ ಅದಕ್ಕೆ ಇಲ್ಲವೇ ಇಲ್ಲ. ಮೊದಲ ಖರ್ಚು ಅಲ್ಲಿಗಾಗಲಿ. ಸದಸ್ಯರ ಸ್ಟೇನ್‌ಲೆಸ್ ಕೆಲಸಗಳನ್ನು ಕಾಫಿ ಕೊಯ್ಲಿಗೆ ಮುಂಚೆ ಒಟ್ಟುಮಾಡಿ ಒಂದೇ ಲೋಡಿನಲ್ಲಿ ಪಟ್ಟಣದ ವರ್ಕ್‌ಶಾಪಿಗೆ ಕಳಿಸಬಹುದು. ಜೀಪು ನನ್ನದು ಕೊಡುತ್ತೇನೆ, ಡೀಸೆಲ್ ಮಾತ್ರ ಸಂಘದ್ದು.