ಕೊಬ್ಬಿನ ಗ್ರಾಂ ಲೆಕ್ಕವಷ್ಟೇ ಸಾಲದು

ಐಸ್‌ಕ್ರೀಮ್ ಡಬ್ಬಿಯ ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ‘ಎಮಲ್ಸಿಫೈಯರ್ 471’ ಎಂದಿರುತ್ತದೆ. ಕೊಬ್ಬು ಎಷ್ಟು ಗ್ರಾಂ ಎಂದು ನೋಡುವವರು ಈ ಸಂಖ್ಯೆಯನ್ನು ಓದುವುದಿಲ್ಲ. ಓದಿದವರು ವಿಷವೆಂದು ಹೆದರುತ್ತಾರೆ. ಎರಡೂ ತಪ್ಪು.

ಸಾರಿನ ಮೇಲೆ ಒಗ್ಗರಣೆಯ ಎಣ್ಣೆ ತೇಲುವುದನ್ನು ಎಲ್ಲರೂ ಕಂಡಿದ್ದಾರೆ. ಕೊಬ್ಬನ್ನು ಒಡೆಯುವ ಲೈಪೇಸ್ ಎಂಬ ಕಿಣ್ವ ಇರುವುದು ನೀರಿನಲ್ಲಿ. ಎಣ್ಣೆಯ ಹನಿಯೊಳಗೆ ಅದು ಇಳಿಯಲಾರದು. ಹನಿಯ ಮೈಮೇಲೆ ಕೂತೇ ಕೆಲಸ ಮಾಡಬೇಕು. ಹನಿಯ ಅಗಲ ಹತ್ತರಲ್ಲೊಂದು ಆದರೆ, ಅಷ್ಟೇ ಎಣ್ಣೆಯ ಒಟ್ಟು ಮೇಲ್ಮೈ ಹತ್ತು ಪಟ್ಟಾಗುತ್ತದೆ. ಹನಿಗಳು ಸಣ್ಣದಾಗಿ ಒಡೆಯಲು ನೆರವಾಗಿ, ಮತ್ತೆ ಕೂಡದಂತೆ ಹೊದಿಕೆಯಾಗುವುದೇ ಎಮಲ್ಸಿಫೈಯರಿನ ಕೆಲಸ.

ಹಾಗಾದರೆ ಜೀರ್ಣಕ್ರಿಯೆ ಯಾವಾಗಲೂ ಚುರುಕಾಗಬೇಕಲ್ಲವೇ? ಹಾಗೇನಿಲ್ಲ. ಹೊದಿಕೆ ಯಾವುದರದು ಎಂಬುದೂ ಮುಖ್ಯ. ಹಾಲಿನ ಪ್ರೋಟೀನಿನ ಹೊದಿಕೆಯನ್ನು ಜಠರದ ಪೆಪ್ಸಿನ್ ಕತ್ತರಿಸುತ್ತದೆ. ಹನಿಗಳು ಮತ್ತೆ ಒಂದಾಗಬಹುದು. ಕೆಲವು ಕೃತಕ ಎಮಲ್ಸಿಫೈಯರುಗಳು ಆಮ್ಲಕ್ಕೂ ಜಗ್ಗದೆ, ಲೈಪೇಸ್‌ಗೆ ಜಾಗ ಬಿಡದೆ ಕೂರುತ್ತವೆ. ಸಣ್ಣ ಕರುಳಿನಲ್ಲಿ ಪಿತ್ತರಸದ ಲವಣಗಳು ಅವನ್ನು ಸರಿಸಬೇಕು, ಕೋಲೈಪೇಸ್ ಎಂಬ ಸಹಾಯಕ ಲೈಪೇಸನ್ನು ಹನಿಗೆ ಅಂಟಿಸಬೇಕು.

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ಸಂಶೋಧಕರು ಸಮಪ್ರಮಾಣದ ಎಣ್ಣೆಯಿದ್ದ ಎರಡು ಬಗೆಯ ಮಿಶ್ರಣಗಳನ್ನು ಸ್ವಯಂಸೇವಕರಿಗೆ ಕುಡಿಸಿ, ಎಂಆರ್‌ಐ ಮೂಲಕ ಜಠರವನ್ನು ಗಮನಿಸಿದರು. ಆಮ್ಲದಲ್ಲಿ ಒಡೆದ ಮಿಶ್ರಣ ಪದರಗಳಾಗಿ ಬೇರ್ಪಟ್ಟು ಬೇಗ ಜಠರ ದಾಟಿತು. ಒಡೆಯದೆ ಉಳಿದದ್ದು ನಿಧಾನವಾಗಿ ಸಾಗಿತು. ಹೊಟ್ಟೆ ತುಂಬಿದ ಅನುಭವವೂ ಅದರಲ್ಲೇ ಹೆಚ್ಚು. ಗ್ರಾಂ ಲೆಕ್ಕದಲ್ಲಿ ಎರಡೂ ಒಂದೇ.

ಇನ್ನು ಭಯದ ಮಾತು. 471 ಎಂದರೆ ಮೊನೊ ಮತ್ತು ಡೈಗ್ಲಿಸರೈಡುಗಳು. ಕೊಬ್ಬು ಜೀರ್ಣವಾಗುವಾಗ ದೇಹದೊಳಗೂ ಅಂಥವೇ ಹುಟ್ಟುತ್ತವೆ. 322 ಎಂದರೆ ಲೆಸಿಥಿನ್; ಮೊಟ್ಟೆಯ ಹಳದಿಯಲ್ಲಿ ಇರುವಂಥದು. ಆದರೆ 433ರ, ಅಂದರೆ ಪಾಲಿಸಾರ್ಬೇಟ್ 80ರ ಕಥೆ ಬೇರೆ. ಅದು ಮತ್ತು ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ಇಲಿಗಳ ಕರುಳಿನ ಸೂಕ್ಷ್ಮಜೀವಿಗಳನ್ನು ಏರುಪೇರು ಮಾಡಿ ಸಣ್ಣ ಮಟ್ಟದ ಉರಿಯೂತ ತಂದವೆಂದು 2015ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವರದಿಯಾಯಿತು. ಇಲಿಗಳ ಫಲಿತಾಂಶ ಮನುಷ್ಯರ ಮೇಲಿನ ತೀರ್ಪಲ್ಲ, ಕಡೆಗಣಿಸುವಂಥದ್ದೂ ಅಲ್ಲ.

ಇಷ್ಟು ಭಿನ್ನವಾದ ವಸ್ತುಗಳನ್ನು ಒಂದೇ ಪದದಡಿ ತುರುಕಿ, ಪಕ್ಕದಲ್ಲೊಂದು ಸಂಖ್ಯೆ ಬರೆದರೆ ಕೊಳ್ಳುವವರಿಗೆ ಏನೂ ತಿಳಿಯುವುದಿಲ್ಲ. ಸಂಖ್ಯೆಯ ಜೊತೆ ಹೆಸರನ್ನೂ ಓದಲು ಬರುವಂತೆ ಮುದ್ರಿಸುವುದು ಕಂಪನಿಗಳಿಗೆ ದೊಡ್ಡ ಖರ್ಚಲ್ಲ. ಅನುಮತಿ ಕೊಡುವವರೂ ‘ಇದು ವಿಷವೇ’ ಎಂದಷ್ಟೇ ಕೇಳಿ ಸುಮ್ಮನಾಗದೆ, ‘ದಿನವೂ ತಿಂದರೆ ಕೊಬ್ಬಿನ ಜೀರ್ಣ ಹೇಗೆ ಬದಲಾಗುತ್ತದೆ’ ಎಂದೂ ಕೇಳಬೇಕು. ಅಲ್ಲಿಯವರೆಗೆ ‘ಕಡಿಮೆ ಕೊಬ್ಬು’ ಎಂಬ ದಪ್ಪ ಅಕ್ಷರದ ಭರವಸೆ ಅರ್ಧ ಮಾಹಿತಿ ಮಾತ್ರ.