ಎಷ್ಟು ಹಲ್ಲಿನ ಕುರಿ?

ಹೋದ ತಿಂಗಳು ಅಪ್ಪ ಬೆಂಗಳೂರಿಗೆ ಬಂದಿದ್ರು. ಭಾನುವಾರ ಬೆಳಿಗ್ಗೆ ನಾನು ಎಂದಿನ ಹಾಗೆ ಮೊಬೈಲಲ್ಲೇ ಅರ್ಧ ಕಿಲೋ ಮಟನ್ ತರಿಸಿದೆ. ಅಪ್ಪ ಕನ್ನಡಕ ಹಾಕ್ಕೊಂಡು, ಪ್ಯಾಕೆಟ್ಟನ್ನ ಹಿಂದೆ ಮುಂದೆ ತಿರುಗಿಸಿ ನೋಡಿ ಕೇಳಿದ್ದು ಒಂದೇ ಮಾತು: "ಇದು ಎಷ್ಟ್ ಹಲ್ಲಿಂದೋ?"

ಪ್ಯಾಕ್ ಮಾಡಿದ ದಿನ ಇತ್ತು. ಎಷ್ಟು ದಿನದೊಳಗೆ ತಿನ್ನಬೇಕು ಅಂತ ಇತ್ತು. ಎಫ್ಎಸ್ಎಸ್ಎಐನವರ ೧೪ ಅಂಕಿಯ ಲೈಸೆನ್ಸ್ ನಂಬರೂ ಇತ್ತು. ಹಲ್ಲಿನ ಲೆಕ್ಕ ಮಾತ್ರ ಇರಲಿಲ್ಲ :-)

ನಮ್ಮದು ಕಲಾದಗಿ ಹತ್ತಿರದ ಹಳ್ಳಿ. (ಹೌದು, ದಾಳಿಂಬೆ ಕಲಾದಗಿನೇ. ಬ್ರಿಟಿಷರ ಕಾಲದಲ್ಲಿ ಒಂದಷ್ಟು ವರ್ಷ ಇಡೀ ಜಿಲ್ಲೆಯ ಹೆಸರೇ ಅದಾಗಿತ್ತು ಅಂತ ಹೇಳದೇ ಇದ್ರೆ ಊರವರು ನನ್ನ ಬಿಡಲ್ಲ.) ನಮ್ಮ ಕಡೆ ಕುರಿ ಅಂದ್ರೆ ಹುನಗುಂದ ತಾಲೂಕಿನ ಅಮೀನಗಡ. ಬೆಂಗಳೂರಿನವರಿಗೆ ಅಮೀನಗಡ ಅಂದ್ರೆ ಕರದಂಟು ಅಷ್ಟೇ, ನಮಗೆ ಅದು ಕುರಿ ಸಂತೆ. ಅಲ್ಲಿ ಕೊಳ್ಳುವವನು ಮೊದಲು ಕುರಿಯ ಬಾಯಿ ಬಿಡಿಸ್ತಾನೆ. ಹಾಲುಹಲ್ಲು ಹೋಗಿ ಮುಂದೆ ಎರಡು ದೊಡ್ಡ ಹಲ್ಲು ಬಂದಿದ್ರೆ ಹೆಚ್ಚುಕಡಿಮೆ ಒಂದರಿಂದ ಒಂದೂವರೆ ವರ್ಷದ್ದು. ಆಮೇಲೆ ಬೆನ್ನ ಮೇಲೆ ಕೈ ಒತ್ತಿ ನೋಡ್ತಾನೆ. ಎಲುಬು ಕೈಗೆ ಚುಚ್ಚಿದ್ರೆ ಮಾಂಸ ಕಡಿಮೆ. ಇಷ್ಟಾದ ಮೇಲೇ ರೇಟಿನ ಮಾತು.

ಅಪ್ಪ ಹೋದ ಮೇಲೆ ನನ್ನೊಳಗಿನ ಇಂಜಿನಿಯರ್ ಎದ್ದ. ಸೂಪರ್‌ಮಾರ್ಕೆಟ್ಟಿನ ಸ್ವಂತ ಬ್ರಾಂಡಿನ ಅರ್ಧ ಕಿಲೋ ಒಂದು, ದುಬಾರಿ ಬ್ರಾಂಡಿನ ಅರ್ಧ ಕಿಲೋ ಒಂದು, ಎರಡು ಭಾನುವಾರ ತಂದೆ. (ಹೆಸರು ಬೇಡ. ಒಂದೊಂದೇ ಪ್ಯಾಕೆಟ್ ತೂಗಿ ತೀರ್ಪು ಕೊಡೋಕೆ ನಾನ್ಯಾರು.) ಉಂಡಾದ ಮೇಲೆ ಎಲುಬನ್ನೆಲ್ಲ ಒಟ್ಟು ಮಾಡಿ ತೂಗಿದೆ. ರೂಮ್‌ಮೇಟ್ ನಕ್ಕಿದ್ದು ಇನ್ನೂ ನಿಂತಿಲ್ಲ. ಅಗ್ಗದ್ದು ೪೪೦ ರೂಪಾಯಿ, ಎಲುಬು ೧೯೦ ಗ್ರಾಂ. ದುಬಾರಿದು ೫೨೦ ರೂಪಾಯಿ, ಎಲುಬು ೧೩೫ ಗ್ರಾಂ. ಎಲುಬು ಕಳೆದು ಲೆಕ್ಕ ಹಾಕಿದ್ರೆ ೧೦೦ ಗ್ರಾಂ ಮಾಂಸಕ್ಕೆ ಎರಡರಲ್ಲೂ ಸುಮಾರು ೧೪೨ ರೂಪಾಯಿ! ಅಂದ್ರೆ ನಾನು ಉಳಿಸಿದೆ ಅಂದ್ಕೊಂಡಿದ್ದ ೮೦ ರೂಪಾಯಿ ಬರೀ ಎಲುಬು. ರುಚಿಯಲ್ಲಿ ದೊಡ್ಡ ವ್ಯತ್ಯಾಸವೇನೂ ಇರಲಿಲ್ಲ. ಒಂದರ ಮೇಲಂತೂ ಬರೀ 'ಮಟನ್' ಅಂತ ಇತ್ತು, ಕುರಿನೋ ಆಡೋ ದೇವರೇ ಬಲ್ಲ.

ಕೋಳಿ ವಿಷಯಕ್ಕೆ ಬಂದ್ರೆ ತಲೆ ಕೆಡಿಸ್ಕೋಬೇಡಿ, ಅಂಗಡಿಯವರ ಅಗ್ಗದ ಬ್ರಾಂಡೇ ತಗೊಳ್ಳಿ. ಬ್ರಾಯ್ಲರ್ ಅಂದ್ರೆ ಕಾಬ್, ರಾಸ್ ಥರದ ನಾಲ್ಕಾರು ತಳಿ, ಸುಮಾರು ಆರು ವಾರಕ್ಕೆ ಎರಡು ಕಿಲೋ ತೂಗೋ ಹಕ್ಕಿ. ಅದಕ್ಕೆ ಚೆಂದದ ಡಬ್ಬಿ ಹೊದಿಸಿದ್ರೆ ಹಕ್ಕಿ ಬದಲಾಗಲ್ಲ.

ಕುರಿ ಹಾಗಲ್ಲ. ನನ್ನ ಸೋದರಮಾವ ಇವತ್ತಿಗೂ ಕುರಿ ಸಾಕ್ತಾರೆ. ಬಿಸಿಲಲ್ಲಿ ಅಡ್ಡಾಡಿಸಿ ಚೆನ್ನಾಗಿ ಮೇಯಿಸಿದ ಎರಡು ಹಲ್ಲಿನ ಟಗರಿಗೆ ಅಮೀನಗಡದಲ್ಲಿ ಅವರಿಗೆ ಜಾಸ್ತಿ ದುಡ್ಡು ಸಿಗುತ್ತೆ, ಯಾಕಂದ್ರೆ ಕೊಳ್ಳುವವನ ಕಣ್ಣಿಗೆ ಅದು ಕಾಣುತ್ತೆ. ಪ್ಯಾಕೆಟ್ ಕೊಳ್ಳೋ ನನಗೆ ಕಾಣಲ್ಲ. ಕಾಣದ್ದಕ್ಕೆ ನಾನು ದುಡ್ಡು ಕೊಡಲ್ಲ, ನಾನು ಕೊಡದಿದ್ರೆ ಮಾವನಿಗೆ ಎಲ್ಲಿಂದ ಬರಬೇಕು?

ಊರಿನ ಅಂಗಡಿನೇ ಸ್ವರ್ಗ ಅಂತ ನಾನು ಹೇಳ್ತಿಲ್ಲ. ರಸ್ತೆ ಬದಿ ತೂಗುಹಾಕಿದ ಮಾಂಸ, ಧೂಳು, ನೊಣ ಎಲ್ಲ ನೋಡೇ ಬೆಳೆದವನು ನಾನು. ಆ ತಣ್ಣಗಿನ, ಶುಚಿಯಾದ ಪ್ಯಾಕೆಟ್ ನನಗೂ ಬೇಕು. ಆದ್ರೆ ಅದರ ಮೇಲೆ ಇನ್ನು ಮೂರು ಮಾತು ಬರೀಲಿ: ಕುರಿನೋ ಆಡೋ, ಎಷ್ಟು ಹಲ್ಲಿಂದು, ಯಾವ ಕಡೆಯದು. ಬರೆದ್ರೆ ಇಪ್ಪತ್ತು ರೂಪಾಯಿ ಜಾಸ್ತಿ ಕೊಡೋಕೆ ನಾನು ತಯಾರು.

ನಿಮ್ಮಲ್ಲಿ ಯಾರಾದ್ರೂ ತೂಗಿ ನೋಡಿದ್ರೆ ತಿಳಿಸ್ರಪ್ಪಾ... ಎಲುಬು ಬಿಟ್ಟು :-)